ಹಳೆಯ ಪೋಕೋ ಫೋನಿಗೆ ಲಿನೇಜ್ ಹಾಕಿಸಬಹುದಾ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವನು, ಅಡಿಕೆ ತೋಟ ಇದೆ. ನನ್ನ ಹತ್ತಿರ ಇರೋದು 2018ರ ಪೋಕೋ ಎಫ್1, 6 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಆಂಡ್ರಾಯ್ಡ್ 10ಕ್ಕೇ ನಿಂತುಬಿಟ್ಟಿದೆ, ಅಪ್‌ಡೇಟ್ ಬಂದು ವರ್ಷಗಳಾದವು. ಈಗೀಗ ತುಂಬ ನಿಧಾನ, ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ಬೆಂಗಳೂರಿನಲ್ಲಿರುವ ಅಣ್ಣನ ಮಗ "ಲಿನೇಜ್ ಹಾಕು ಚಿಕ್ಕಪ್ಪ, ಹೊಸ ಆಂಡ್ರಾಯ್ಡ್ ಬರುತ್ತೆ" ಅನ್ನುತ್ತಾನೆ. ಪೇಟೆಯ ಮೊಬೈಲ್ ಅಂಗಡಿಯಲ್ಲಿ ಕೇಳಿದರೆ 500 ರೂಪಾಯಿ, ಒಂದು ಗಂಟೆ ಸಾಕು ಅಂದರು. ಮನೆಯವಳಿಗೆ ಭಯ. ಫೋನ್ ಡೆಡ್ ಆದರೆ ಮಂಡಿಯಿಂದ ದುಡ್ಡು ಬಿದ್ದಿದ್ದು ಗೊತ್ತಾಗೋದು ಹೇಗೆ ಅಂತ ಕೇಳುತ್ತಾಳೆ. ನಮ್ಮೂರಲ್ಲಿ ಟವರ್ ಸರಿಯಾಗಿ ಸಿಗಲ್ಲ. ಮನೆಗೆ ಫೈಬರ್ ಇದೆ, ವೈಫೈ ಮೇಲೆಯೇ ಕರೆ ಮಾಡುತ್ತೇವೆ. ಹೊಸ ಸಾಫ್ಟ್‌ವೇರ್ ಹಾಕಿದರೆ ಟವರ್ ಚೆನ್ನಾಗಿ ಸಿಗುತ್ತಾ? ಬ್ಯಾಂಕ್ ಆ್ಯಪ್ ನಡೆಯುತ್ತಾ? ಇದು ಕಾನೂನಿಗೆ ವಿರುದ್ಧ ಅಂತ ಯಾರೋ ಹೇಳಿದರು, ಹೌದಾ?

ಉತ್ತರ: ನೀವು ಕೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ನಿಮ್ಮ ಮನೆಯವರ ಪ್ರಶ್ನೆ. ಶಿವಮೊಗ್ಗದಲ್ಲಿ ಹದಿನಾರು ವರ್ಷದಿಂದ ಫೋನ್ ಬಿಚ್ಚಿ ಜೋಡಿಸುವ ಕೆಲಸ ಮಾಡುತ್ತಿದ್ದೇನೆ. ಲಿನೇಜ್ ಅಂದರೆ ಕಂಪನಿಯ ಸಾಫ್ಟ್‌ವೇರ್ ಬದಲಿಗೆ ಹಾಕುವ, ಸ್ವಯಂಸೇವಕರು ಮಾಡುವ ಆಂಡ್ರಾಯ್ಡ್. ಅದನ್ನು ಹಾಕಿಸಿಕೊಂಡು ಹೋದವರು ವಾರ ಕಳೆದು ತಿರುಗಿ ಬಂದರೆ ಕಾರಣ ಹೆಚ್ಚಾಗಿ ಎರಡೇ. ಒಂದು ಬ್ಯಾಂಕ್ ಆ್ಯಪ್, ಇನ್ನೊಂದು ಕರೆ. ಫೋನ್ ಡೆಡ್ ಆಯಿತು ಅಂತ ಬಂದವರು ತೀರ ಕಡಿಮೆ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಫೋನ್ ಈ ಕೆಲಸಕ್ಕೆ ಬಹಳ ಒಳ್ಳೆಯ ಫೋನ್. ಆದರೆ ಮನೆಯಲ್ಲಿ ಬ್ಯಾಂಕಿಗೂ ಕರೆಗೂ ಅದೊಂದೇ ಫೋನ್ ಆಗಿದ್ದರೆ ಈಗ ಕೈ ಹಾಕಬೇಡಿ. ಎರಡನೇ ಫೋನ್ ಕೈಗೆ ಬಂದ ಮೇಲೆ ಮಾಡಿ.

ಇನ್ನು ಆ 500 ರೂಪಾಯಿ, ಒಂದು ಗಂಟೆಯ ವಿಷಯ. ಅಂಗಡಿಯವರು ಸುಳ್ಳು ಹೇಳಿದ್ದಾರೆ ಅಂತ ನಾನು ಹೇಳುವುದಿಲ್ಲ. ಅವರೂ ನಿಮ್ಮ ಅಣ್ಣನ ಮಗನೂ ಬೇರೆ ಬೇರೆ ಕೆಲಸದ ಬಗ್ಗೆ ಮಾತಾಡುತ್ತಿದ್ದಾರೆ, ಅಷ್ಟೇ. ನಮ್ಮ ಕಡೆ ಅಂಗಡಿಯಲ್ಲಿ "ಸಾಫ್ಟ್‌ವೇರ್ ಹಾಕೋದು" ಅಂದರೆ ಕಂಪನಿಯ ಅದೇ ಹಳೆಯ ಸಾಫ್ಟ್‌ವೇರನ್ನು ಮತ್ತೆ ಹೊಸದಾಗಿ ತುಂಬುವುದು. ಕಸ ಹೋಗುತ್ತದೆ, ಫೋನ್ ಸ್ವಲ್ಪ ಹಗುರಾಗುತ್ತದೆ. ಆಂಡ್ರಾಯ್ಡ್ 10 ಮಾತ್ರ 10 ಆಗಿಯೇ ಇರುತ್ತದೆ. ಅದು ಒಂದು ಗಂಟೆಯ ಕೆಲಸ ನಿಜ.

ಲಿನೇಜ್ ಹಾಕಬೇಕಾದರೆ ಮೊದಲು ಬೂಟ್‌ಲೋಡರ್ ಲಾಕ್ ತೆಗೆಯಬೇಕು. ಬೂಟ್‌ಲೋಡರ್ ನಿಮ್ಮ ತೋಟದ ದಣಪೆ, ಅಂದರೆ ಗೇಟು ಇದ್ದ ಹಾಗೆ. ಫೋನ್ ಆನ್ ಆದ ಕೂಡಲೇ ಯಾವ ಸಾಫ್ಟ್‌ವೇರನ್ನು ಒಳಗೆ ಬಿಡಬೇಕು ಅಂತ ನೋಡುವುದು ಅದೇ. ಲಾಕ್ ಇದ್ದಷ್ಟು ದಿನ ಕಂಪನಿಯ ಸಹಿ ಇರುವ ಸಾಫ್ಟ್‌ವೇರ್ ಮಾತ್ರ ಒಳಗೆ. ನಿಮ್ಮ ಪೋಕೋ ಮಾಡಿದ ಶಿಯೋಮಿ ಕಂಪನಿಯ ಫೋನುಗಳಲ್ಲಿ ಈ ಲಾಕ್ ತೆಗೆಯಲು ಫೋನನ್ನು ಎಂಐ ಅಕೌಂಟ್‌ಗೆ, ಅಂದರೆ ಆ ಕಂಪನಿಯ ಖಾತೆಗೆ ಜೋಡಿಸಿ ಕಾಯಬೇಕು. ಸಾಮಾನ್ಯವಾಗಿ 168 ಗಂಟೆ, ಅಂದರೆ ಏಳು ದಿನ. ಕಂಪನಿಯ ಸರ್ವರ್ ಎಷ್ಟು ಕಾಯಿರಿ ಅನ್ನುತ್ತದೋ ಅಷ್ಟು ಕಾಯಲೇಬೇಕು. ನಿಮ್ಮ ಫೋನ್ ಇನ್ನೂ ಲಾಕ್ ಇದ್ದರೆ ಸರಿಯಾದ ದಾರಿಯಲ್ಲಿ ಯಾರೂ ಒಂದು ಗಂಟೆಯಲ್ಲಿ ಲಿನೇಜ್ ಹಾಕಿಕೊಡಲು ಆಗುವುದಿಲ್ಲ. ಮತ್ತೆ ಆ ಅಂಗಡಿಗೆ ಹೋದರೆ "ಕಂಪನಿ ಸಾಫ್ಟ್‌ವೇರಾ, ಲಿನೇಜಾ?" ಅಂತ ನೇರವಾಗಿ ಕೇಳಿ.

ಕಾನೂನಿನ ಭಯ ಬಿಡಿ. ನಿಮ್ಮ ಫೋನಿನ ಬೂಟ್‌ಲೋಡರ್ ತೆರೆಯುವುದು ಅಪರಾಧ ಅಲ್ಲ. ಅದಕ್ಕೆ ಬೇಕಾದ ಸಾಧನವನ್ನು ಕಂಪನಿಯೇ ಕೊಡುತ್ತದೆ. ಅಪರಾಧ ಆಗುವುದು ಐಎಂಇಐ ನಂಬರ್ ತಿದ್ದಿದರೆ. ಫೋನಿನ 15 ಅಂಕಿಯ ಗುರುತು ಅದು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲು ಇದೆ. ಯಾರಾದರೂ "ಐಎಂಇಐ ಹೋಯ್ತು, ಬೇರೆ ಹಾಕಿಕೊಡ್ತೀನಿ" ಅಂದರೆ ಫೋನ್ ವಾಪಸ್ ತಗೊಂಡು ಬನ್ನಿ.

ವಾಟ್ಸಾಪ್ ನಿಂತುಹೋಗುತ್ತದೆ ಅನ್ನುವ ಗಾಬರಿಯೂ ನಿಮಗೆ ಬೇಡ. 2025ರ ಜನವರಿಯಿಂದ ಅದಕ್ಕೆ ಕನಿಷ್ಠ ಆಂಡ್ರಾಯ್ಡ್ 5 ಬೇಕು. ನಿಮ್ಮದು 10.

ಟವರ್ ಪ್ರಶ್ನೆಗೆ ಉತ್ತರ ನಿಮಗೆ ಇಷ್ಟ ಆಗಲಿಕ್ಕಿಲ್ಲ. ಲಿನೇಜ್ ಹಾಕಿದರೆ ಸಿಗ್ನಲ್ ಹೆಚ್ಚಾಗುವುದಿಲ್ಲ. ಸಿಗ್ನಲ್ ಹಿಡಿಯುವುದು ಫೋನಿನ ಒಳಗಿನ ರೇಡಿಯೋ ಮತ್ತು ಆಂಟೆನಾ. ಅದನ್ನು ನಡೆಸುವ ಮೋಡೆಮ್ ಫರ್ಮ್‌ವೇರ್ ಚಿಪ್ ಕಂಪನಿಯದ್ದು. ಲಿನೇಜ್ ಅದನ್ನು ಮುಟ್ಟುವುದಿಲ್ಲ. ನಿಮ್ಮ ಮನೆಗೂ ಟವರಿಗೂ ನಡುವೆ ಗುಡ್ಡ ನಿಂತಿದ್ದರೆ ಅದು ಹಾಗೇ ನಿಂತಿರುತ್ತದೆ.

ಅಪ್‌ಡೇಟ್ ಯಾಕೆ ನಿಂತಿತು ಅಂತ ತಿಳಿದರೆ ಲಿನೇಜ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಅನ್ನುವುದೂ ಅರ್ಥವಾಗುತ್ತದೆ. ಆಂಡ್ರಾಯ್ಡ್‌ನ ಮೂಲ ಕೋಡ್ ಗೂಗಲ್‌ನಿಂದ ಬರುತ್ತದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಅದರ ಕೆಳಗೆ ಚಿಪ್ ನಡೆಸುವ ಭಾಗ ಇರುತ್ತದೆ. ನಿಮ್ಮ ಫೋನಿನಲ್ಲಿ ಅದು ಕ್ವಾಲ್‌ಕಾಂ ಸ್ನ್ಯಾಪ್‌ಡ್ರ್ಯಾಗನ್ 845. ಆ ಭಾಗವನ್ನು ಚಿಪ್ ಕಂಪನಿ ಕೆಲವು ವರ್ಷ ನೋಡಿಕೊಂಡು ಕೈ ಬಿಡುತ್ತದೆ. ಫೋನ್ ಕಂಪನಿಗೂ ಆ ಹೊತ್ತಿಗೆ ಹೊಸ ಮಾಡೆಲ್ ಮಾರುವುದು ಮುಖ್ಯ. 2018ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ 8.1 ಇಟ್ಟುಕೊಂಡು ಬಂದ ನಿಮ್ಮ ಫೋನ್ 10ಕ್ಕೆ ಬಂದು ನಿಂತಿದ್ದು ಹೀಗೆ. ಚಿಪ್‌ಗೆ ಏನೂ ಆಗಿಲ್ಲ. ಆ ಕಾಲಕ್ಕೆ ಅದು ದುಬಾರಿ ಫೋನುಗಳಲ್ಲಿ ಇರುತ್ತಿದ್ದ ಚಿಪ್, ಈಗಲೂ ಗಟ್ಟಿಯಾಗಿದೆ.

ಕಂಪನಿ ಬಿಟ್ಟ ಜಾಗದಿಂದ ಮುಂದಕ್ಕೆ ಕೆಲಸ ಮಾಡುವವರು ಲಿನೇಜ್‌ನವರು. 2009ರಲ್ಲಿ ಶುರುವಾದ ಸಯನೋಜೆನ್‌ಮಾಡ್ ಅನ್ನುವ ಯೋಜನೆ 2016ರ ಕೊನೆಗೆ ನಿಂತಾಗ ಅದೇ ಕೋಡ್ ಹಿಡಿದು ಸ್ವಯಂಸೇವಕರು ಇದನ್ನು ಮುಂದುವರಿಸಿದರು. ಲಿನೇಜ್ 21 ಅಂದರೆ ಆಂಡ್ರಾಯ್ಡ್ 14, ಲಿನೇಜ್ 22 ಅಂದರೆ ಆಂಡ್ರಾಯ್ಡ್ 15. ಅವರ ಅಧಿಕೃತ ಪಟ್ಟಿಯಲ್ಲಿ ಜಾಗ ಪಡೆದ ಫೋನ್ ನಿಮ್ಮದು. ಆದರೂ ಒಂದು ಮಾತು ನೆನಪಿರಲಿ. ಮೇಲಿನ ಆಂಡ್ರಾಯ್ಡ್ ಭಾಗಕ್ಕೆ ಮಾತ್ರ ಹೊಸ ಭದ್ರತಾ ತಿದ್ದುಪಡಿ ಬರುತ್ತದೆ. ಮೋಡೆಮ್, ಚಿಪ್ ಫರ್ಮ್‌ವೇರ್ ಹಳೆಯದೇ ಉಳಿಯುತ್ತದೆ. ಮನೆಗೆ ಹೊಸ ಹಂಚು ಹೊದಿಸಿದ ಹಾಗೆ. ಸೋರುವುದು ನಿಲ್ಲುತ್ತದೆ, ತೊಲೆ ಹಳೆಯದೇ.

ನಿಧಾನ ಮತ್ತು ಬ್ಯಾಟರಿ ಬಗ್ಗೆ ಹೇಳಿದಿರಿ. ಇಲ್ಲಿ ನಿಮ್ಮ 500 ರೂಪಾಯಿ ಉಳಿಯಬಹುದು. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನೋಡಿ. 64ರಲ್ಲಿ 60 ತುಂಬಿದ್ದರೆ ಯಾವ ಫೋನಾದರೂ ತೆವಳುತ್ತದೆ. ಫೋನಿನ ಮೆಮೊರಿ ಚಿಪ್‌ಗೆ ಬರೆಯಲು ಖಾಲಿ ಜಾಗ ಬೇಕು. ಹತ್ತು ಹನ್ನೆರಡು ಜಿಬಿ ಖಾಲಿ ಇಡಿ. ವಾಟ್ಸಾಪ್ ಗುಂಪುಗಳ ಗುಡ್ ಮಾರ್ನಿಂಗ್ ಚಿತ್ರ, ವಿಡಿಯೋಗಳೇ ಎಷ್ಟೋ ಜಿಬಿ ಇರುತ್ತವೆ. ಬ್ಯಾಟರಿಯಂತೂ ಸಾಫ್ಟ್‌ವೇರ್ ವಿಷಯವೇ ಅಲ್ಲ. 4000 ಎಂಎಎಚ್ ಅಂತ ಬಂದ ಬ್ಯಾಟರಿ ಇಷ್ಟು ವರ್ಷ ದಿನಾ ಚಾರ್ಜ್ ಆಗಿ ಸವೆದಿದೆ. ಅದನ್ನು ಬದಲಿಸಬೇಕು, ಬೇರೆ ದಾರಿ ಇಲ್ಲ. ಹಿಂದಿನ ಮುಚ್ಚಳ ಒಂದು ಕಡೆ ಎದ್ದ ಹಾಗೆ ಕಂಡರೆ ಬ್ಯಾಟರಿ ಊದಿದೆ ಅಂತ ಅರ್ಥ. ಆಗ ಚಾರ್ಜ್‌ಗೆ ಹಾಕುವುದನ್ನೇ ನಿಲ್ಲಿಸಿ, ಮೊದಲು ಬ್ಯಾಟರಿ ತೆಗೆಸಿ.

ನನ್ನ ಹತ್ತಿರ ಬರುವ ಬಹಳ ಜನಕ್ಕೆ ಇಷ್ಟೇ ಸಾಕಾಗುತ್ತದೆ. ಹೊಸ ಬ್ಯಾಟರಿ, ಖಾಲಿ ಮಾಡಿದ ಸ್ಟೋರೇಜ್, ಒಂದು ಫ್ಯಾಕ್ಟರಿ ರೀಸೆಟ್. ನೀವೂ ಮೊದಲು ಇದನ್ನು ಮಾಡಿ ಒಂದು ತಿಂಗಳು ನೋಡಿ ಅನ್ನುವುದು ನನ್ನ ಸಲಹೆ. ಭದ್ರತೆಯ ಅಪ್‌ಡೇಟ್ ಮಾತ್ರ ಇದರಿಂದ ಸಿಗುವುದಿಲ್ಲ. ಅದು ಬೇಕಾದರೆ ಲಿನೇಜ್‌ಗೆ ಅರ್ಥ ಇದೆ.

ಈಗ ಬ್ಯಾಂಕ್. ಆ್ಯಪ್ ತೆರೆದಾಗ ಅದು ಗೂಗಲ್‌ನ ಪ್ಲೇ ಇಂಟೆಗ್ರಿಟಿ ಅನ್ನುವ ವ್ಯವಸ್ಥೆಯನ್ನು ಕೇಳಬಹುದು: ಈ ಫೋನ್ ಕಂಪನಿ ಕೊಟ್ಟ ಸ್ಥಿತಿಯಲ್ಲೇ ಇದೆಯಾ, ಬೂಟ್‌ಲೋಡರ್ ಲಾಕ್ ಇದೆಯಾ ಅಂತ. ಲಿನೇಜ್ ಹಾಕಿದ ಫೋನಿಗೆ ಅಲ್ಲಿಂದ ಒಳ್ಳೆಯ ಉತ್ತರ ಬರುವುದಿಲ್ಲ. ಆ ಉತ್ತರ ನೋಡಿ ಏನು ಮಾಡಬೇಕು ಅನ್ನುವುದು ಆಯಾ ಬ್ಯಾಂಕಿನ ತೀರ್ಮಾನ. ಕೆಲವು ಆ್ಯಪ್ ಸುಮ್ಮನೆ ನಡೆಯುತ್ತವೆ. ಕೆಲವು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತವೆ. ಇನ್ನು ಕೆಲವು ಇವತ್ತು ನಡೆದು ಮುಂದಿನ ಅಪ್‌ಡೇಟ್‌ನಲ್ಲಿ ಬಾಗಿಲು ಹಾಕುತ್ತವೆ. ಯುಪಿಐ ಆ್ಯಪ್‌ಗಳ ಕಥೆಯೂ ಇದೇ. ನಡೆಯುತ್ತದೆ ಅಂತ ಯಾರು ಗ್ಯಾರಂಟಿ ಕೊಟ್ಟರೂ ನಂಬಬೇಡಿ, ನಾನು ಕೊಟ್ಟರೂ ಕೂಡ.

ಈ ತಪಾಸಣೆಯನ್ನು ಮರೆಮಾಚುವ ಉಪಾಯಗಳು ಇವೆ. ಹುಡುಗರು ಅದಕ್ಕೆ ರೂಟ್ ಮಾಡಿ, ಅಂದರೆ ಫೋನಿನ ಪೂರ್ತಿ ಹಿಡಿತ ತೆರೆದು, ಏನೇನೋ ಮಾಡ್ಯೂಲ್ ಹಾಕುತ್ತಾರೆ. ವರ್ಷದ ಅಡಿಕೆ ದುಡ್ಡು ಬರುವ ಖಾತೆ ಇರುವ ಫೋನಿನಲ್ಲಿ ಅದನ್ನು ಮಾಡಬೇಡಿ. ಯಾರೋ ಬರೆದ ಪ್ರೋಗ್ರಾಂಗೆ ಫೋನಿನ ಎಲ್ಲ ಅಧಿಕಾರ ಕೊಟ್ಟು, ಅದೇ ಫೋನಿನಲ್ಲಿ ಪಿನ್ ಒತ್ತುವುದು ನನಗೆ ಸರಿ ಕಾಣುವುದಿಲ್ಲ.

ನಿಮ್ಮ ಮನೆಯವರಿಗೆ ಹೀಗೆ ಹೇಳಿ. ದುಡ್ಡು ಬಿದ್ದ ಮೆಸೇಜ್ ಬರುವುದು ಸಿಮ್‌ಗೆ. ಅದಕ್ಕೆ ಆ್ಯಪ್ ಬೇಡ. ಸಿಮ್ ತೆಗೆದು ಕೀಪ್ಯಾಡ್ ಫೋನಿಗೆ (ಜಿಯೋ ಸಿಮ್ ಆದರೆ 4ಜಿ ಕೀಪ್ಯಾಡ್ ಫೋನಿಗೆ) ಹಾಕಿದರೂ ಸಿಗ್ನಲ್ ಇರುವ ಕಡೆ ಬರುತ್ತದೆ. ಖಾತೆಯಲ್ಲಿ ಎಷ್ಟಿದೆ ಅಂತ ನೋಡಲು, ನಿಮ್ಮ ಬ್ಯಾಂಕೂ ಸಿಮ್ ಕಂಪನಿಯೂ ಆ ಸೌಲಭ್ಯ ಕೊಟ್ಟಿದ್ದರೆ, *99# ಇದೆ, ಇಂಟರ್ನೆಟ್ ಬೇಡ. 2022ರಿಂದ ಕೀಪ್ಯಾಡ್ ಫೋನಿಗೂ ಯುಪಿಐ ಬಂದಿದೆ, ಯುಪಿಐ 123ಪೇ ಅಂತ. ಇಷ್ಟನ್ನು ಮೊದಲೇ ಒಮ್ಮೆ ಮಾಡಿ ತೋರಿಸಿದರೆ ಅವರ ಭಯ ಅರ್ಧ ಇಳಿಯುತ್ತದೆ.

ಬ್ಯಾಂಕಿಗಿಂತ ನನಗೆ ಜಾಸ್ತಿ ಯೋಚನೆ ಇರುವುದು ನಿಮ್ಮ ಕರೆಯ ಬಗ್ಗೆ. ಬಯಲುಸೀಮೆಯವರಿಗೆ ಇದು ದೊಡ್ಡ ವಿಷಯ ಅಲ್ಲ, ನಮಗೆ ದೊಡ್ಡದು. 4ಜಿಯಲ್ಲಿ ಮಾತು ಹೋಗುವುದು ವೋಲ್ಟೀ ಮೇಲೆ, ಅಂದರೆ 4ಜಿ ಡೇಟಾದ ಮೇಲೆಯೇ. ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ. ಅದರಲ್ಲಿ ವೋಲ್ಟೀ ನಡೆಯದಿದ್ದರೆ ಕರೆಯೇ ಇಲ್ಲ. ಲಿನೇಜ್‌ನ ಅಧಿಕೃತ ಬಿಲ್ಡ್‌ಗಳಲ್ಲಿ, ಅಂದರೆ ಅವರೇ ತಯಾರಿಸಿ ಕೊಡುವ ಆವೃತ್ತಿಗಳಲ್ಲಿ, ವೋಲ್ಟೀ ಸಾಮಾನ್ಯವಾಗಿ ನಡೆಯುತ್ತದೆ. ವೈಫೈ ಕರೆ ಮಾತ್ರ ಫೋನ್, ಬಿಲ್ಡ್, ಸಿಮ್ ಕಂಪನಿ ಮೂರೂ ಹೊಂದಿದರೆ ನಡೆಯುತ್ತದೆ. ನಿಮ್ಮ ಮನೆಯಲ್ಲಿ ಅದೊಂದೇ ದಾರಿ. ರಾತ್ರಿ ಯಾರಿಗಾದರೂ ಹಾವು ಕಚ್ಚಿ 108ಕ್ಕೆ ಕರೆ ಮಾಡಬೇಕಾದಾಗ ಫೋನಿನಲ್ಲಿ ವೈಫೈ ಕರೆ ಕೈ ಕೊಟ್ಟರೆ ಏನು ಮಾಡುತ್ತೀರಿ? ಅದಕ್ಕೇ ಇನ್ನೊಂದು ಫೋನ್ ಇರಲೇಬೇಕು ಅಂದೆ. ಇದರ ಜೊತೆಗೇ ಒಂದು ಮಾತು. ಫೈಬರ್ ಬಾಕ್ಸ್‌ಗೆ ಚಿಕ್ಕ ಯುಪಿಎಸ್ ಇಲ್ಲದಿದ್ದರೆ ಈ ಮಳೆಗಾಲಕ್ಕೆ ಮೊದಲೇ ಹಾಕಿಸಿ. ಕರೆಂಟ್ ಹೋದ ಕೂಡಲೇ ವೈಫೈ ಹೋಗುತ್ತದೆ, ಅದರ ಜೊತೆ ಕರೆಯೂ.

ಎರಡನೇ ಫೋನ್ ಬಂತು, ಪೋಕೋಗೆ ಲಿನೇಜ್ ಹಾಕುವುದೇ ಸೈ ಅಂದುಕೊಳ್ಳಿ. ಅಣ್ಣನ ಮಗ ರಜೆಗೆ ಬಂದಾಗ ಜೊತೆಗೆ ಕೂತು ಮಾಡಿ. ನೀವು ನೋಡಿಕೊಳ್ಳಬೇಕಾದ್ದನ್ನು ಮಾತ್ರ ಹೇಳುತ್ತೇನೆ.

ಬೂಟ್‌ಲೋಡರ್ ತೆರೆದ ಕೂಡಲೇ ಫೋನಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಇದಕ್ಕೆ ವಿನಾಯಿತಿ ಇಲ್ಲ. ಶುರುವಿನ ವರ್ಷಗಳಲ್ಲಿ ಒಬ್ಬರನ್ನು "ಬ್ಯಾಕಪ್ ಇದೆಯಾ?" ಅಂತ ಕೇಳಿದೆ. "ಇದೆ" ಅಂದರು. ನಾನು ನೋಡಲಿಲ್ಲ. ಅವರ ಹತ್ತಿರ ಇದ್ದದ್ದು ನಂಬರುಗಳ ಬ್ಯಾಕಪ್ ಮಾತ್ರ. ತೀರಿಹೋದ ತಾಯಿಯ ಧ್ವನಿ ಇದ್ದ ರೆಕಾರ್ಡಿಂಗ್ ಹೋಯಿತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ, ಸುಮ್ನೆ ಎದ್ದು ಹೋದರು. ಆವತ್ತಿನಿಂದ ಫೋಟೋ, ವಾಟ್ಸಾಪ್, ರೆಕಾರ್ಡಿಂಗ್ ಎಲ್ಲವನ್ನೂ ಲ್ಯಾಪ್‌ಟಾಪ್‌ಗೆ ಹಾಕಿ, ಗಿರಾಕಿಯ ಎದುರೇ ನಾಲ್ಕು ಫೈಲ್ ತೆರೆದು ತೋರಿಸದೆ ಮುಂದಕ್ಕೆ ಹೋಗುವುದಿಲ್ಲ. ನೀವೂ ಹಾಗೇ ಮಾಡಿ.

ಎಂಐ ಅಕೌಂಟ್‌ಗೆ ಜೋಡಿಸುವಾಗ ವೈಫೈ ನಡೆಯುವುದಿಲ್ಲ, ಸಿಮ್‌ನ ಡೇಟಾ ಬೇಕು. ನಿಮ್ಮ ಮನೆಯಲ್ಲಿ ಆಗುವ ಕೆಲಸ ಅಲ್ಲ ಅದು. ಹೊಸನಗರ ಪೇಟೆಗೋ ಶಿವಮೊಗ್ಗಕ್ಕೋ ಬಂದಾಗ ಮುಗಿಸಿಕೊಳ್ಳಿ. ಆಮೇಲೆ ಕಾಯುವ ಏಳು ದಿನ ಆ ಅಕೌಂಟಿನಿಂದ ಹೊರಗೆ ಬರಬೇಡಿ, ಮತ್ತೆ ಮತ್ತೆ ಜೋಡಿಸಲೂ ಬೇಡಿ. ಗಡಿಯಾರ ಮೊದಲಿನಿಂದ ಶುರುವಾಗುತ್ತದೆ.

ಫೈಲ್ ಲಿನೇಜ್‌ನ ಸ್ವಂತ ತಾಣದಿಂದಲೇ ಇಳಿಸಿ. ನಿಮ್ಮ ಫೋನಿನ ಒಳಹೆಸರು ಬೆರಿಲಿಯಂ (beryllium). ಫೈಲಿನ ಹೆಸರಿನಲ್ಲಿ ಅದು ಇರಲೇಬೇಕು. ಡೌನ್‌ಲೋಡ್ ಮಾಡುವ ದಿನ ಅಲ್ಲಿ ಹೊಸ ಬಿಲ್ಡ್ ಬರುತ್ತಿದೆಯೇ, ತಾರೀಖು ಎಷ್ಟು ಅಂತ ನೋಡಿ. ಟೆಲಿಗ್ರಾಂ ಗುಂಪಿನಲ್ಲಿ ಸಿಕ್ಕಿದ ಫೈಲ್ ಬೇಡ. ನಾನು ನೋಡಿದ ಡೆಡ್ ಫೋನುಗಳಲ್ಲಿ ಹೆಚ್ಚಿನವು ಬೇರೆ ಮಾಡೆಲ್‌ನ ಫೈಲ್ ಹಾಕಿಯೇ ಹಾಗಾದವು. ಕಂಪನಿಯ ಕೊನೆಯ ಅಪ್‌ಡೇಟ್ ಫೋನಿನಲ್ಲಿ ಇರಬೇಕು. ಪ್ಲೇ ಸ್ಟೋರ್ ಬೇಕಾದರೆ ಗೂಗಲ್ ಆ್ಯಪ್‌ಗಳ ಪ್ಯಾಕೇಜನ್ನು ಲಿನೇಜ್ ಹಾಕಿದ ಬೆನ್ನಿಗೇ, ಫೋನ್ ಮೊದಲ ಸಲ ಆನ್ ಆಗುವ ಮೊದಲೇ ಹಾಕಬೇಕು. ಮರೆತರೆ ಎಲ್ಲ ಅಳಿಸಿ ಮತ್ತೆ ಶುರು.

ಡೆಸ್ಕ್‌ಟಾಪ್‌ನಲ್ಲಿ ಮಾಡಬೇಡಿ, ಲ್ಯಾಪ್‌ಟಾಪ್‌ನಲ್ಲಿ ಮಾಡಿ. ನಡುವೆ ಕರೆಂಟ್ ಹೋದರೂ ಕೆಲಸ ನಿಲ್ಲಬಾರದು. ಫೋನಿನಲ್ಲೂ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರಲಿ.

ಕೇಬಲ್ ಮತ್ತು ಚಾರ್ಜಿಂಗ್ ಪೋರ್ಟ್ ಬಗ್ಗೆ ಯಾರೂ ಹೇಳುವುದಿಲ್ಲ. ಮಲೆನಾಡಿನವರಿಗೆ ಅದೇ ಮೊದಲು ಹೇಳಬೇಕಾದದ್ದು. ಒಂದು ಜುಲೈನಲ್ಲಿ ಆಗುಂಬೆ ಕಡೆಯಿಂದ ಒಂದು ಫೋನ್ ಬಂತು. ಲಿನೇಜ್ ಹೋಗುತ್ತಾ ಹೋಗುತ್ತಾ ಮೂರು ಸಲ ನಡುವೆ ಕಡಿಯಿತು. ಕೇಬಲ್ ಬದಲಿಸಿದೆ, ಲ್ಯಾಪ್‌ಟಾಪ್ ಬದಲಿಸಿದೆ, ಅದೇ ಕಥೆ. ಕೊನೆಗೆ ಪೋರ್ಟನ್ನು ಭೂತಗನ್ನಡಿಯ ಕೆಳಗೆ ಹಿಡಿದೆ. ಒಳಗಿನ ನಾಲಿಗೆಯ ಮೇಲೆ ಹಿತ್ತಾಳೆ ಪಾತ್ರೆಗೆ ಬರುವಂಥ ಹಸಿರು ಕಿಲುಬು. ಮೂಲೆಯಲ್ಲಿ ಜೇಬಿನ ಹತ್ತಿಯೂ ಅಡಿಕೆ ಸಿಪ್ಪೆಯ ನಾರೂ ಸೇರಿ ಗಟ್ಟಿಯಾದ ಒಂದು ಉಂಡೆ. ತಿಂಗಳುಗಟ್ಟಲೆ ಒದ್ದೆ ಫೋನನ್ನೇ ಚಾರ್ಜ್‌ಗೆ ಹಾಕಿದ ಗುರುತು ಅದು. ಚಾರ್ಜ್ ಹೇಗೋ ಆಗುತ್ತಿತ್ತು, ಡೇಟಾ ಮಾತ್ರ ನಡುವೆ ಕಡಿದುಹೋಗುತ್ತಿತ್ತು. ಫೋನ್ ಆಫ್ ಮಾಡಿ, ಮರದ ಕಡ್ಡಿಯಿಂದ ಉಂಡೆ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬ್ರಶ್‌ನಿಂದ ತಿಕ್ಕಿ, ಒಣಗಲು ಬಿಟ್ಟೆ. ಆಮೇಲೆ ಒಂದೇ ಸಲಕ್ಕೆ ಹೋಯಿತು. ನೀವು ಶುರು ಮಾಡುವ ಮೊದಲು ಒಂದೆರಡು ಜಿಬಿಯ ವಿಡಿಯೋ ಫೈಲನ್ನು ಕೇಬಲ್ ಮೂಲಕ ಫೋನಿಗೆ ಕಳಿಸಿ ನೋಡಿ. ನಡುವೆ ನಿಂತರೆ ಆ ದಿನ ಮುಂದೆ ಹೋಗಬೇಡಿ.

ಇನ್ನೊಂದು ಗಾಬರಿಯ ಜಾಗ ಇದೆ. ಫೈಲ್ ಕಳಿಸುವಾಗ ಲ್ಯಾಪ್‌ಟಾಪ್ ಪರದೆಯಲ್ಲಿ 47 ಪರ್ಸೆಂಟ್‌ಗೆ ನಿಂತು, ಫೇಲ್ಡ್ ಅಂತಲೂ ಸಕ್ಸೆಸ್ ಅಂತಲೂ ಒಂದೇ ಸಾಲಿನಲ್ಲಿ ಬರೆದು ಬರಬಹುದು. ಕೇಬಲ್ ಕೀಳಬೇಡಿ. ಎಷ್ಟೋ ಸಲ ಕೆಲಸ ಸರಿಯಾಗಿಯೇ ಮುಗಿದಿರುತ್ತದೆ. ಫೋನಿನ ಪರದೆ ಏನು ಹೇಳುತ್ತದೆ ನೋಡಿ. ಮೊದಲ ಸಲ ಆನ್ ಆಗಲು ಹತ್ತು ಹದಿನೈದು ನಿಮಿಷ ಹಿಡಿದರೂ ಕಾಯಿರಿ.

ಲಿನೇಜ್ ಹಾಕಿದ ಮೇಲೆ ಬೂಟ್‌ಲೋಡರ್ ಮತ್ತೆ ಲಾಕ್ ಮಾಡಲು ಹೋಗಬೇಡಿ. ಈ ಫೋನಿನಲ್ಲಿ ಅದೂ ನಿಜವಾಗಿ ಡೆಡ್ ಆಗುವ ದಾರಿ. ಮುಂದೆ ಬೇಡ ಅನ್ನಿಸಿ ಕಂಪನಿ ಸಾಫ್ಟ್‌ವೇರ್‌ಗೆ ಹಿಂದೆ ಹೋಗುವಾಗಲೂ ಎಚ್ಚರ. ಅದಕ್ಕೆ ಲ್ಯಾಪ್‌ಟಾಪ್‌ನಲ್ಲಿ ಬಳಸುವ ಎಂಐ ಫ್ಲ್ಯಾಶ್ ಪ್ರೋಗ್ರಾಂನ ಕೆಳಗಡೆ ಕ್ಲೀನ್ ಆಲ್ ಅಂಡ್ ಲಾಕ್ ಅನ್ನುವ ಆಯ್ಕೆ ತಾನಾಗಿ ಗುರುತಾಗಿರುತ್ತದೆ. ಅದನ್ನು ತೆಗೆದು ಬರೀ ಕ್ಲೀನ್ ಆಲ್ ಒತ್ತಿ.

ದಣಪೆ ತೆಗೆದಿಟ್ಟ ತೋಟದ ಅಪಾಯ ಈ ಫೋನಿಗೂ ಇರುತ್ತದೆ. ಕದ್ದವನ ಕೈಗೆ ಸಿಕ್ಕರೆ ಅವನು ಎಲ್ಲ ಅಳಿಸಿ ಸುಲಭವಾಗಿ ಬಳಸಬಹುದು. ನಿಮ್ಮ ಫೋಟೋ, ಮೆಸೇಜ್ ಓದುವುದು ಅಷ್ಟು ಸುಲಭ ಅಲ್ಲ, ಆದರೆ ಪಿನ್ ಆರು ಅಂಕಿಯದ್ದಾದರೂ ಇರಲಿ. ಮುಖ ನೋಡಿ ಲಾಕ್ ತೆರೆಯುವುದು ಹೋಗುತ್ತದೆ, ಬೆರಳಚ್ಚು ಉಳಿಯುತ್ತದೆ. ಕ್ಯಾಮೆರಾ ಸ್ವಲ್ಪ ಮಂಕು ಅನ್ನಿಸಬಹುದು. ಕೆಲವು ಓಟಿಟಿ ಆ್ಯಪ್‌ಗಳಲ್ಲಿ ಎಚ್‌ಡಿ ಸಿಗದೆ ಹೋಗಬಹುದು, ಯೂಟ್ಯೂಬ್‌ಗೆ ತೊಂದರೆ ಇಲ್ಲ. ಸೆಟ್ಟಿಂಗ್ಸ್ ಪೂರ್ತಿ ಕನ್ನಡದಲ್ಲೇ ಇಟ್ಟುಕೊಳ್ಳಬಹುದು.

ಎರಡನೇ ಫೋನ್ ದುಬಾರಿಯದ್ದು ಬೇಕಿಲ್ಲ. ಬ್ಯಾಂಕ್, ಯುಪಿಐ, ವೈಫೈ ಕರೆ ಇಷ್ಟಕ್ಕೆ ಸಾಕಾಗುವ, ಇನ್ನೂ ಕೆಲವು ವರ್ಷ ಅಪ್‌ಡೇಟ್ ಕೊಡುತ್ತೇವೆ ಅಂತ ಕಂಪನಿ ಹೇಳಿರುವ ಫೋನ್ ನೋಡಿ. ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಮೊದಲು ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಅಂತ ಕೇಳಿ.

ಪೋಕೋ ಹೊಸ ವೇಷದಲ್ಲಿ ಎದ್ದು ಕೂತ ಮೇಲೆ ಆ್ಯಪ್ ತುಂಬಲು ಅವಸರ ಮಾಡಬೇಡಿ. ಮೊದಲು *#06# ಒತ್ತಿ, ಐಎಂಇಐ ನಂಬರ್ ಡಬ್ಬದ ಮೇಲಿನ ನಂಬರಿಗೆ ತಾಳೆ ಆಗುತ್ತದಾ ನೋಡಿ. ಆಮೇಲೆ ಸಿಮ್ ಹಾಕಿ, ವೈಫೈ ಕರೆ ಆನ್ ಮಾಡಿ, ಮನೆಯವರ ಫೋನಿಗೆ ಒಂದು ಕರೆ ಮಾಡಿ. ಮಾತಾಡುತ್ತಾ ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ವೈಫೈ ಬಿಟ್ಟುಹೋಗುವ ತೋಟದ ಅಂಚಿನವರೆಗೆ ನಡೆಯಿರಿ. ಕರೆ ಎಲ್ಲಿ ಕಡಿಯಿತು ಅಂತ ಗುರುತು ಇಟ್ಟುಕೊಳ್ಳಿ. ಹಳೆಯ ಸಾಫ್ಟ್‌ವೇರ್ ಇದ್ದಾಗ ಎಲ್ಲಿ ಕಡಿಯುತ್ತಿತ್ತೋ ಅಲ್ಲಿಗೇ ಬಂದು ಕಡಿದರೆ ಎಲ್ಲ ಸರಿಯಾಗಿದೆ. ಜಗಲಿಯಲ್ಲೇ ಕಡಿದರೆ ಆ ಸಿಮ್ ತೆಗೆದು ಹೊಸ ಫೋನಿಗೇ ಹಾಕಿ.